ಬತ್ತಿ ಹೊಸೆಯುವವಳ ಚಿತ್ರ

ಈ ಚಿತ್ರದ ಪ್ರಸಂಗ ನಡೆದಾಗ ನನಗೆ ಮೂವತ್ತೆಂಟು ವರ್ಷ. ಅದಾಗಿ ಈಗ ನಲವತ್ತೈದು ವರ್ಷ. ಕೂಡಿಸಿಕೊಳ್ಳುವವರು ಕೂಡಿಸಿಕೊಳ್ಳಲಿ, ವಯಸ್ಸು ಮುಚ್ಚಿಡುವಂಥದ್ದೇನಲ್ಲ.

ಸವಣೂರಿನಲ್ಲಿ ನಮ್ಮ ತವರುಮನೆ. ಅಪ್ಪ, ಅಜ್ಜ, ಅಜ್ಜನ ಅಪ್ಪ ಎಲ್ಲರೂ ಶಾಸ್ತ್ರ ಓದಿದವರು. ದೇವರ ಕೋಣೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಹಲಗೆಯ ಮೇಲೆ ತಾಳೆಗರಿಯ ಕಟ್ಟುಗಳಿದ್ದವು. ಕೆಂಪು ಅರಿವೆ ಸುತ್ತಿ, ದಾರ ಬಿಗಿದು, ಹುಳ ಬರದಂತೆ ಬಜೆಯ ಬೇರು ಸಿಕ್ಕಿಸಿ ಇಟ್ಟವು. ಅವುಗಳಲ್ಲಿ ಏನು ಬರೆದಿದೆ ಎಂದು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಅಪ್ಪ ತಮ್ಮನಿಗೆ ಪಾಠ ಹೇಳುವ ಹೊತ್ತಿನಲ್ಲಿ ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಕನ್ನಡ ಅಕ್ಷರ ಕಲಿತದ್ದು ತಮ್ಮನ ಪಾಟಿ ನೋಡಿ. ಒಂದೊಂದೇ ಕೂಡಿಸಿ ಓದುತ್ತೇನೆ. ಗರಿಯ ಮೇಲಿನ ಅಕ್ಷರ ಬೇರೆ. ಅದು ನನಗೆ ಇರುವೆ ಸಾಲು ಇದ್ದ ಹಾಗೆ.

ಆದರೂ ಆ ಗರಿಗಳನ್ನು ಹತ್ತಿರ ಹತ್ತಿರ ಆರು ವರ್ಷ ನೋಡಿಕೊಂಡವಳು ನಾನು. ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು, ತಮ್ಮ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದ, ಅವನಿಗೆ ಬಿಡುವಿರಲಿಲ್ಲ. ಅಪ್ಪ ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿಕೊಟ್ಟರು, ನಾನು ಕೈಯಲ್ಲಿ ಕಲಿತೆ. ಗರಿಯ ಮೇಲೆ ಮಸಿಯಿಂದ ಬರೆಯುವುದಿಲ್ಲ, ಉಕ್ಕಿನ ಕಂಟದಿಂದ ಕೊರೆಯುತ್ತಾರೆ. ಕೊರೆದ ಗೆರೆಯಲ್ಲಿ ತುಂಬಿದ ಕಪ್ಪು ವರ್ಷ ಕಳೆದಂತೆ ಉದುರಿ, ಗರಿ ಖಾಲಿ ಇದ್ದಂತೆ ಕಾಣುತ್ತದೆ. ಆಗ ದೀಪದ ಮಸಿ ಹಿಡಿದು, ಗರಗದ ಸೊಪ್ಪಿನ ರಸದಲ್ಲಿ ಕಲೆಸಿ, ಎರಡು ಹನಿ ಎಣ್ಣೆ ಬಿಟ್ಟು, ಅರಿವೆಯ ಉಂಡೆಯಿಂದ ಗರಿಯ ತುಂಬ ಬಳಿಯಬೇಕು. ಇಡೀ ಗರಿ ಕರ್ರಗಾಗುತ್ತದೆ. ತಿಳಿಯದವರು ನೋಡಿದರೆ ಇವಳು ಹಾಳು ಮಾಡಿದಳು ಅನ್ನುತ್ತಾರೆ. ಆಮೇಲೆ ಒಣ ಅರಿವೆಯಿಂದ ಒರೆಸಿದರೆ ಮೇಲಿನದೆಲ್ಲ ಹೋಗಿ, ಗೆರೆಯೊಳಗಿನ ಕಪ್ಪು ಮಾತ್ರ ಉಳಿಯುತ್ತದೆ. ಇಲ್ಲವೇ ಇಲ್ಲ ಅಂದುಕೊಂಡಿದ್ದ ಅಕ್ಷರ ಎದ್ದು ಬರುತ್ತದೆ. ಈ ಕೆಲಸವೊಂದು ನನಗೆ ಚೆನ್ನಾಗಿ ಬರುತ್ತಿತ್ತು. ಅಡುಗೆಗಿಂತ ಚೆನ್ನಾಗಿ ಬರುತ್ತಿತ್ತು.

ತವರಿಗೆ ಯಾಕೆ ಬಂದೆ ಎಂದರೆ, ಬಂದೆ ಅಷ್ಟೆ. ಮಾಸೂರಿಗೆ ಕೊಟ್ಟಿದ್ದರು. ಮದಗದ ಕೆರೆಯ ನೀರು ಹರಿಯುವ ಗದ್ದೆ, ಉಣ್ಣಲು ಕಡಿಮೆಯಿರಲಿಲ್ಲ. ಒಬ್ಬಳೇ ಮಗಳು ಹುಟ್ಟಿದಳು. ಅವಳಿಗೆ ಏಳು ತುಂಬಿದ ವರ್ಷ ಸಾಲೆಯಲ್ಲಿ ಮಕ್ಕಳ ಫೋಟೋ ತೆಗೆಯಲು ಹಿರೇಕೆರೂರಿನಿಂದ ಒಬ್ಬಾತ ಬಂದ. ಮಗಳು ರಿಬ್ಬನ್ ಕಟ್ಟಿಸಿಕೊಂಡು ಹೊಸ್ತಿಲಿಗೆ ಬಂದಿದ್ದಳು. ಅತ್ತೆ ರಟ್ಟೆ ಹಿಡಿದು ಒಳಗೆ ಎಳೆದರು.

"ಪಟ ತಗಿಸಿದ್ರ ಆಯುಷ್ಯ ಕಡಿಮಿ ಆಗ್ತದ. ಬ್ಯಾಡ. ಮನ್ಯಾಗ ಕೂಡು" ಅಂದರು.

ಫೋಟೋ ತೆಗೆಸಲಿಲ್ಲ. ಆಯುಷ್ಯವೂ ಉಳಿಯಲಿಲ್ಲ. ನಾಲ್ಕು ತಿಂಗಳಿಗೆ ವಿಷಮಜ್ವರ ಬಂತು. ಹಿರೇಕೆರೂರಿಗೆ ಒಯ್ಯಲು ಗಾಡಿ ಕಟ್ಟುವಷ್ಟರಲ್ಲಿ ಮುಗಿಯಿತು. ಆಮೇಲೆ ನನಗೆ ಮತ್ತೆ ಮಕ್ಕಳಾಗಲಿಲ್ಲ. ನಾಲ್ಕು ದಿನ ಇದ್ದು ಬಾ ಎಂದು ತವರಿಗೆ ಕಳಿಸಿದರು. ಕರೆಯಲು ಯಾರೂ ಬರಲಿಲ್ಲ, ನಾನೂ ಹೋಗಲಿಲ್ಲ.

ಚಿತ್ರ ಸಿಕ್ಕಿದ್ದು ಬಂದ ಮೊದಲ ವರ್ಷ, ಗರಿ ಬಿಸಿಲಿಗೆ ಹಾಕುವಾಗ. ಒಂದು ಕಟ್ಟಿನ ಮೇಲೆ ಕೆಳಗೆ ಇರುವ ಮರದ ಹಲಗೆಗಳ ನಡುವೆ, ಗರಿಗಳ ಜೊತೆಯಲ್ಲೇ ಒಂದು ದಪ್ಪ ಕಾಗದ ಇತ್ತು. ಅಂಗೈ ಎರಡು ಜೋಡಿಸಿದಷ್ಟು ದೊಡ್ಡದು. ಅಪ್ಪನನ್ನು ಕೇಳಿದೆ.

"ನವಾಬರ ಕಾಲದ್ದು ಅದು. ನಮ್ಮ ಮನಿತನದವರ ಯಾರೋ ಬರದದ್ದು ಅಂತ ನಮ್ಮಪ್ಪ ಹೇಳ್ತಿದ್ದ. ಪುರಾಣದ್ದೇನಲ್ಲ. ಹೆಂಗಸರ ಚಿತ್ರ. ಇರ್ಲಿ ಬಿಡು, ಅಲ್ಲೇ ಇಡು" ಅಂದರು.

ಹೌದು, ಹೆಂಗಸರ ಚಿತ್ರವೇ. ಬಣ್ಣವಿಲ್ಲ, ಬರೀ ಗೆರೆ. ಒಂದು ಪಡಸಾಲೆ. ಕಂಬಕ್ಕೆ ಬೆನ್ನು ಕೊಟ್ಟು ಒಬ್ಬ ಮುದುಕಿ ಕೂತಿದ್ದಾಳೆ. ಒಂದು ಕಾಲು ಮಡಚಿದ್ದಾಳೆ, ಇನ್ನೊಂದು ಚಾಚಿದ್ದಾಳೆ. ಚಾಚಿದ ಕಾಲಿನ ಮೊಣಕಾಲ ಕೆಳಗೆ, ನಳಿಯ ಮೇಲೆ ಅರಳೆಯಿಟ್ಟು ಬತ್ತಿ ಹೊಸೆಯುತ್ತಿದ್ದಾಳೆ. ಪಕ್ಕದಲ್ಲಿ ಒಂದು ತಂಬಿಗೆ. ಮಡಚಿದ ತೊಡೆಯ ಮೇಲೆ ತಲೆಯಿಟ್ಟು ಒಂದು ಹುಡುಗಿ ಮಲಗಿದೆ. ಬಾಯಿ ಸ್ವಲ್ಪ ತೆರೆದಿದೆ. ಅಷ್ಟೇ. ಯಾರೂ ಬರುತ್ತಿಲ್ಲ, ಯಾರೂ ಹೋಗುತ್ತಿಲ್ಲ. ಇದನ್ನು ಯಾಕೆ ಬರೆದರೋ ಎಂದು ನನಗೆ ಮೊದಲು ಅನ್ನಿಸಿತು. ದಿನಾ ಎಲ್ಲರ ಮನೆಯಲ್ಲೂ ಇರುವುದೇ ತಾನೆ.

ಆ ಹುಡುಗಿ ನನ್ನ ಮಗಳ ಹಾಗೆ ಇರಲಿಲ್ಲ. ಇದನ್ನು ನಾನು ಸ್ಪಷ್ಟ ಹೇಳಬೇಕು. ನನ್ನ ಮಗಳ ಮೂಗು ದಪ್ಪ, ಚಿತ್ರದವಳದು ಸಣ್ಣ ಮೂಗು. ಮಲಗುವ ರೀತಿ ಮಾತ್ರ ಒಂದೇ. ನನ್ನ ಮಗಳೂ ಬಾಯಿ ತೆರೆದೇ ಮಲಗುತ್ತಿದ್ದಳು. ಆದ್ದರಿಂದ ಆಗಾಗ ನೋಡುತ್ತಿದ್ದೆ. ವರ್ಷಕ್ಕೊಮ್ಮೆ ಬಿಚ್ಚುವ ಕಟ್ಟನ್ನು ತಿಂಗಳಿಗೊಮ್ಮೆ, ಆಮೇಲೆ ವಾರಕ್ಕೆರಡು ಸಲ ಬಿಚ್ಚತೊಡಗಿದೆ. ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ಹೋಗಿ ಕೂರುತ್ತಿದ್ದೆ. ಕಾಗದ ನುಣ್ಣಗೆ, ಗಾಜಿನಂತೆ ಇತ್ತು. ಹೆಬ್ಬೆರಳಿನಿಂದ ಆ ಹುಡುಗಿಯ ಕೆನ್ನೆ ಸವರುತ್ತಿದ್ದೆ. ಅಳುತ್ತಿರಲಿಲ್ಲ. ಸವರಿ, ಕಟ್ಟಿ ಇಟ್ಟು, ಎದ್ದು ಹೋಗಿ ಅಕ್ಕಿ ಆರಿಸುತ್ತಿದ್ದೆ.

ಮೂರು ನಾಲ್ಕು ವರ್ಷ ಕಳೆದ ಮೇಲೆ ಒಂದು ದಿನ ಗಮನಕ್ಕೆ ಬಂತು. ಮಗಳನ್ನು ನೆನೆಸಿಕೊಂಡರೆ ಸಣ್ಣ ಮೂಗಿನ ಮುಖ ಬರುತ್ತಿತ್ತು. ದಪ್ಪ ಮೂಗು ಎಂದು ಬಾಯಲ್ಲಿ ಹೇಳಿಕೊಳ್ಳಬಲ್ಲೆ, ಕಣ್ಣಿಗೆ ಬಾರದು. ನನ್ನ ಹತ್ತಿರ ಉಳಿದದ್ದು ಕಾಗದದ ಮೇಲಿನ ಮುಖ ಒಂದೇ. ಅದಾದರೂ ಇದೆಯಲ್ಲ ಎಂದು ಬಿಟ್ಟುಬಿಟ್ಟೆ.

ಅಪ್ಪ ತೀರಿಕೊಂಡರು. ಮರುವರ್ಷ ತಮ್ಮನಿಗೆ ಹಾನಗಲ್ಲಿಗೆ ವರ್ಗವಾಯಿತು. ಅಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದ. ದೇವರು, ಅಡುಗೆ, ಅವನ ಇಬ್ಬರು ಮಕ್ಕಳು, ಹೆಂಡತಿ, ನಾನು. ಗರಿಗಳಿಗೆ ಜಾಗವಿಲ್ಲ. ಧಾರವಾಡದಲ್ಲಿ ಹಳೆಯ ಗ್ರಂಥ ಕೂಡಿಡುವ ಒಬ್ಬ ಪ್ರೊಫೆಸರರಿಗೆ ಕಾಗದ ಬರೆದ. ನಾವು ಸವಣೂರು ಬಿಡುವ ಮೊದಲೇ ಅವರು ನೋಡಲು ಬಂದರು.

ಪ್ಯಾಂಟು ಹಾಕಿದ, ಮೆಲ್ಲಗೆ ಮಾತಾಡುವ ಮನುಷ್ಯ. ಪಡಸಾಲೆಯಲ್ಲಿ ಚಾಪೆ ಹಾಸಿ ಒಂದೊಂದೇ ಕಟ್ಟು ಬಿಚ್ಚಿ ನೋಡಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಚಿತ್ರ ಕೈಗೆ ಬಂದಾಗ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಮಾಸ್ತರ, ಇದು ಎರಡನೂರು ವರ್ಷದ್ದಾದರೂ ಅದ ನೋಡ್ರಿ. ದೇವರು, ರಾಜರು, ಆನಿ, ಕುದರಿ ಬೇಕಾದಷ್ಟು ಸಿಗ್ತಾವ. ಹಿಂಗ ಒಬ್ಬ ಹೆಣ್ಮಗಳು ತನ್ನ ಪಾಡಿಗೆ ತಾ ಕೂತು ಬತ್ತಿ ಹೊಸಿಯೂದನ್ನ ಯಾರು ಬರದಾರ್ರಿ? ನಾ ಅಂತೂ ನೋಡಿಲ್ಲ."

"ಒಯ್ರಿ ಎಲ್ಲಾ" ಅಂದ ತಮ್ಮ.

"ಅದೊಂದು ಇಲ್ಲೇ ಇರ್ಲಿ" ಅಂದೆ ನಾನು.

ಗಂಡಸರ ಮಾತಿನ ನಡುವೆ ನಾನು ಬಾಯಿ ಹಾಕಿದ್ದು ಅದೇ ಮೊದಲು. ಇಬ್ಬರೂ ತಿರುಗಿ ನೋಡಿದರು. ಯಾಕೆ ಎಂದು ಪ್ರೊಫೆಸರರು ಕೇಳಿದರು. ತಮ್ಮನ ಹೆಂಡತಿ ಒಳಗಿನಿಂದಲೇ ಅಂದಳು:

"ಅಕ್ಕಾವ್ರು ದೇವರ ಮುಂದ ಇಷ್ಟೊತ್ತು ಕೂಡೂದಿಲ್ರಿ. ಆ ಕಾಗದದ ಮುಂದ ಕೂಡ್ತಾರ. ಅದಕ್ಕೂ ಒಂದೀಟು ನೈವೇದ್ಯ ಮಾಡಿದ್ರ ಮುಗೀತು."

ತಮ್ಮ ನಕ್ಕ. ಪ್ರೊಫೆಸರರು ನಗಲಿಲ್ಲ. "ಇಂಥಾದ್ದು ಮನ್ಯಾಗ ಇದ್ರ ಹುಳ ತಿಂತದ್ರಿ ಅಕ್ಕಾವ್ರ. ಅಲ್ಲಿ ಭದ್ರ ಇರ್ತದ. ಒಂದು ಕೆಲಸ ಮಾಡ್ತೇನಿ, ಒಯ್ಯೂಕಿಂತ ಮೊದಲ ಇಲ್ಲೇ ಇದರ ಫೋಟೋ ತಗದು ನಿಮಗೊಂದು ಕಾಪಿ ಕಳಸ್ತೇನಿ" ಅಂದರು. ಕಾಗದವನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದರು. "ಆದ್ರ ಗೆರಿ ಭಾಳ ಮಾಸ್ಯಾವ. ಈ ಹುಡುಗಿ ಮಾರಿ ಅಂತೂ ಕಂಡೂ ಕಾಣಧಾಂಗ ಅದ. ಕ್ಯಾಮೆರಾದಾಗ ಮೂಡೂದು ಕಷ್ಟ."

"ಗೆರಿ ಕಪ್ಪಾದ್ರ ಮೂಡ್ತದೇನ್ರಿ?"

"ಕಪ್ಪಾದ್ರ ಮೂಡ್ತದ. ಆದ್ರ ತಾನಾಗೇ ಹೆಂಗ ಕಪ್ಪಾಗ್ತದ್ರಿ?" ಎಂದು ಈಗ ಅವರೂ ಸ್ವಲ್ಪ ನಕ್ಕರು.

ಮುಂದಿನ ಗುರುವಾರ ಮಧ್ಯಾಹ್ನ ಜೀಪು ತೆಗೆದುಕೊಂಡು ಬರುವುದಾಗಿ ಹೇಳಿ ಹೋದರು. ತಮ್ಮ ನನಗೆ ಅಂದ, "ಅಕ್ಕ, ಅಷ್ಟರೊಳಗ ಎಲ್ಲಾ ಗರಿಗೂ ಒಂದು ಕೈ ಮಸಿ ಹಚ್ಚಿ ಒರಸಿಬಿಡು. ಕೊಡೂಮುಂದ ಚೊಕ್ಕ ಇರ್ಲಿ."

ಆ ವಾರವೆಲ್ಲ ಮಸಿ ಹಿಡಿದೆ. ಗರಿಗಳನ್ನು ಮುಗಿಸಿ ಚಿತ್ರವನ್ನು ಕೊನೆಗೆ ಇಟ್ಟುಕೊಂಡೆ. ನಾನು ಕಣ್ಣುಮುಚ್ಚಿ ಮಾಡಲಿಲ್ಲ. ಉಗುರಿನಿಂದ ಮುಟ್ಟಿ ನೋಡಿದೆ, ಗೆರೆಯಲ್ಲಿ ತಗ್ಗು ಇತ್ತು. ಬರೆದವನು ಲೇಖನಿ ಒತ್ತಿ ಎಳೆದಿದ್ದ. ಗರಿಯಂತೆಯೇ ನುಣುಪು, ಗರಿಯಂತೆಯೇ ತಗ್ಗು, ಗರಿಯ ಕಟ್ಟಿನಲ್ಲೇ ಇದ್ದದ್ದು. ಅಪ್ಪ ಬದುಕಿದ್ದರೆ ಕೇಳುತ್ತಿದ್ದೆ. ಮನೆಯಲ್ಲಿ ಕಾಗದದ ಗ್ರಂಥ ಒಂದೂ ಇರಲಿಲ್ಲ. ಕಾಗದಕ್ಕೆ ಬೇರೆ ರೀತಿ ಇರುತ್ತದೆ ಎಂದು ನನಗೆ ಹೇಳಿಕೊಟ್ಟವರೂ ಇರಲಿಲ್ಲ.

ಗುರುವಾರ ಬೆಳಗ್ಗೆ ಮಡಿಯಲ್ಲಿ, ಹಿತ್ತಲ ಬಾಗಿಲ ಬೆಳಕಿಗೆ ಕೂತೆ. ಮೊದಲು ಮೂಲೆಯಲ್ಲಿದ್ದ ತಂಬಿಗೆಗೆ ಮಾತ್ರ ಹಚ್ಚಿದೆ. ನೂರು ಎಣಿಸಿ ಒಣ ಅರಿವೆಯಿಂದ ಒರೆಸಿದೆ. ಮಸಿ ಹೋಯಿತು. ತಂಬಿಗೆ ಉಳಿಯಿತು, ನಿನ್ನೆ ಬರೆದಷ್ಟು ಕಪ್ಪಗೆ. ಕಂಠದ ಕೆಳಗೆ ಒಂದು ನೆಗ್ಗು ಇತ್ತು. ಆರು ವರ್ಷದಲ್ಲಿ ನಾನು ಅದನ್ನು ಕಂಡಿರಲಿಲ್ಲ. ಕಂಬಕ್ಕೆ ಹಚ್ಚಿದೆ, ಬಂತು. ಮುದುಕಿಯ ಕೈಗೆ ಹಚ್ಚಿದೆ. ಬೆರಳು ಬೆರಳು ಬಿಡಿಸಿಕೊಂಡು ಬಂದವು, ನಳಿಯ ಮೇಲಿನ ಬತ್ತಿ ಬಂತು, ಅವಳ ಹಣೆಯ ಸುಕ್ಕು ಬಂತು. ಆಗ ಬಹಳ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಮಗಳು ಹೋದ ಮೇಲೆ ಅಷ್ಟು ಸಂತೋಷ ಆಗಿರಲಿಲ್ಲ.

ಹುಡುಗಿಯ ಮುಖಕ್ಕೆ ಹಚ್ಚಿದೆ. ನೂರು ಎಣಿಸಿದೆ. ಒರೆಸಿದೆ. ಹೋಗಲಿಲ್ಲ.

ಇನ್ನೊಂದು ಅರಿವೆ ತೆಗೆದುಕೊಂಡು ಒರೆಸಿದೆ. ಮಸಿ ಇನ್ನೂ ಅಗಲವಾಯಿತು. ಜೋರಾಗಿ ಒರೆಸಿದೆ. ಕಾಗದದ ಮೈ ಎದ್ದು ಅರಿವೆಗೆ ನೂಲು ನೂಲಾಗಿ ಬಂತು. ಎದ್ದು ಹೋಗಿ ಕಡಲೆಹಿಟ್ಟು ತಂದು ಉದುರಿಸಿದೆ, ಸೀರೆಯ ಎಣ್ಣೆ ಕಲೆಗೆ ಹಾಕುತ್ತೇವಲ್ಲ ಹಾಗೆ. ಹಿಟ್ಟು ಎಣ್ಣೆ ಕುಡಿದು ಅಂಟಿಕೊಂಡಿತು. ತಲೆಯಿಂದ ಭುಜದವರೆಗೆ ರೊಟ್ಟಿ ಹಂಚಿನ ತಳದ ಹಾಗಾಯಿತು. ಕೆನ್ನೆ ಇಲ್ಲ, ಬಾಯಿ ಇಲ್ಲ. ಮುದುಕಿ ಮಾತ್ರ ಹೊಸ ಗೆರೆಗಳಲ್ಲಿ ಚೆನ್ನಾಗಿ ಕೂತುಕೊಂಡು ಬತ್ತಿ ಹೊಸೆಯುತ್ತಿದ್ದಳು.

ಅದನ್ನು ಮುಂದಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ತಮ್ಮನ ಹೆಂಡತಿ ಸಾರು ಉಕ್ಕಿತು ಎಂದು ಕೂಗಿದಳು. ಎದ್ದು ಹೋಗಿ ಇಳಿಸಿದೆ.

ಊಟದ ಹೊತ್ತು ಮುಗಿದ ಮೇಲೆ ಶಿಗ್ಗಾವಿ ಕಡೆಯಿಂದ ಜೀಪು ಬಂತು. ಮುಚ್ಚಿಡುವ ಯೋಚನೆ ಮಾಡಲಿಲ್ಲ. ಪ್ರೊಫೆಸರರು ಕ್ಯಾಮೆರಾ ತೆಗೆಯುವ ಮೊದಲೇ ಕಾಗದವನ್ನು ಅವರ ಮುಂದೆ ಚಾಪೆಯ ಮೇಲೆ ಇಟ್ಟೆ. ಅವರು ಕ್ಯಾಮೆರಾದ ಚೀಲ ಪಕ್ಕಕ್ಕೆ ಸರಿಸಿದರು.

"ಯಾರು ಮಾಡಿದ್ರಿ ಇದನ್ನ?"

"ನಾನ."

"ಏನು ಹಚ್ಚಿದ್ರಿ?"

ಹೇಳಿದೆ. ಸೊಪ್ಪು, ಮಸಿ, ಎಣ್ಣೆ, ಎಲ್ಲ.

"ಗರಿಗೆ ಅದು ಸರಿ ಅದ. ಕಾಗದಾ ಕುಡೀತದ್ರಿ ಅಕ್ಕಾವ್ರ." ಬಗ್ಗಿ ಹತ್ತಿರದಿಂದ ನೋಡಿದರು. "ಆದ್ರ ಉಳದ ಕಡೆ ಯಾಕ ಹಿಂಗಾಗಿಲ್ಲ... ಹಾಂ. ಆಗಿನವರು ಕಾಗದಕ್ಕ ಗಂಜಿ ಬಳದು, ಕಲ್ಲಿಲೆ ತಿಕ್ಕಿ ಓಪು, ಅಂದ್ರ ಹೊಳಪು, ಕೊಡ್ತಿದ್ರು. ಓಪು ಇದ್ದಲ್ಲೆ ಮಸಿ ಮ್ಯಾಲೇ ನಿಂತದ. ಈ ಹುಡುಗಿ ಮಾರಿ ಮ್ಯಾಲಿಂದು ಮೊದಲ ಸವದು ಹೋಗಿತ್ತು. ಯಾರೋ ಇಲ್ಲೇ, ಈ ಒಂದ ಕಡೆ, ಭಾಳ ವರ್ಷ ಬೆರಳು ಆಡಿಸ್ಯಾರ."

ಅವರು ಯಾರನ್ನೂ ಉದ್ದೇಶಿಸಿ ಹೇಳಿದ್ದಲ್ಲ, ಕಂಡದ್ದನ್ನು ಹೇಳಿದರು. ತಮ್ಮ ನನ್ನ ಕಡೆ ನೋಡಿದ. ಅವನ ಹೆಂಡತಿಯೂ ನೋಡಿದಳು, ಈ ಸಲ ಏನೂ ಅನ್ನಲಿಲ್ಲ. ಅವಳು ಏನಾದರೂ ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕಟ್ಟುಗಳನ್ನೆಲ್ಲ ಜೀಪಿಗೆ ಹೇರಿದರು. ಇಷ್ಟು ಚೊಕ್ಕ ಇಟ್ಟ ಗರಿ ತಾನು ಎಲ್ಲೂ ಕಂಡಿಲ್ಲ ಎಂದು ಪ್ರೊಫೆಸರರು ಹೋಗುವಾಗ ನನಗೆ ಕೈ ಮುಗಿದರು. ಚಿತ್ರವನ್ನು ಒಯ್ಯಲಿಲ್ಲ. ಇಲ್ಲೇ ಇರಲಿ ಎಂದು ಕೇಳಿದವಳು ನಾನು, ಇಲ್ಲೇ ಉಳಿಯಿತು.

ದೀಪ ಹಚ್ಚುವ ಹೊತ್ತಿಗೆ ತಮ್ಮ ಬಂದು ನನ್ನ ಪಕ್ಕ ಕೂತ. ಅವನು ಕೆಟ್ಟವನಲ್ಲ. ಚಿಕ್ಕವನಿದ್ದಾಗ ನಾನೇ ಎತ್ತಿಕೊಂಡು ತಿರುಗಿದ್ದು.

"ಅಕ್ಕ, ಅದನ್ನ ಮನ್ಯಾಗ ಇಟಗೋಬ್ಯಾಡ. ರವಿವಾರ ವರದಾಕ್ಕ ಹೋಗಿ ಹೊಳಿಗೆ ಬಿಟ್ಟು ಬರೂಣು. ಹಳೇ ಗ್ರಂಥ ಎಲ್ಲಾ ಹಂಗ ಮಾಡೂದು."

ನಾನು ದೀಪದ ಬತ್ತಿ ಸರಿಮಾಡಿದೆ. ಅವನು ಕೇಳಿದ:

"ನಿನಗ ಆಕಿ ಮಾರಿ ನೆನಪಿಲ್ಲೇನು?"

ಆ ಮನೆಯಲ್ಲಿ ಆರು ವರ್ಷದಲ್ಲಿ ಯಾರೂ ನನ್ನ ಮಗಳ ಮಾತು ತೆಗೆದಿರಲಿಲ್ಲ. ಒಳ್ಳೆಯದಕ್ಕೇ ತೆಗೆದಿರಲಿಲ್ಲ ಅನ್ನಿ.

"ಇಲ್ಲ" ಅಂದೆ.

"ನನಗ ನೆನಪದ. ನಾ ಹೇಳ್ತೇನಿ ತಡಿ. ದುಂಡ ಮಾರಿ. ಬಲಗಲ್ಲದ ಮ್ಯಾಲೆ ಒಂದು ಮಚ್ಚಿ ಇತ್ತು. ನಕ್ಕರ ಆ ಮಚ್ಚಿ ಕುಣಿಯೂದು."

"ಅದು ನಿನ್ನ ಹೆಂಡ್ತಿ ಅಕ್ಕನ ಮಗಳಪಾ" ಅಂದೆ. "ನನ್ನ ಮಗಳಿಗೆ ಮಚ್ಚಿ ಇರಲಿಲ್ಲ."

ತಪ್ಪು ಅವನದೇನಲ್ಲ. ಮಾಸೂರಿಗೆ ಅವನು ಬಂದದ್ದೇ ಎರಡು ಸಲ. ಕಂಡ ಮಕ್ಕಳಲ್ಲಿ ಒಂದರ ಮುಖ ಇನ್ನೊಂದಕ್ಕೆ ಕೊಟ್ಟಿದ್ದ. ನಾನು ಮಾಡಿದ್ದೂ ಅದೇ ಅಲ್ಲವೇ. ಅವನು ಎದ್ದು ಸಂಧ್ಯಾವಂದನೆಗೆ ಹೋದ.

ನಾನು ಅಲ್ಲೇ ಕೂತು ಪ್ರಯತ್ನ ಮಾಡಿದೆ. ಅವಳ ಕಾಲು ನೆನಪಿಗೆ ಬಂತು. ಹೆಬ್ಬೆರಳಿನ ಉಗುರು ಅರ್ಧ ಮುರಿದದ್ದು. ಲಂಗದ ಅಂಚು ಬಂತು. ಜಡೆ ಬಂತು. ಹೇನು ಹೆಕ್ಕುವಾಗ ಕಾಣುತ್ತಿದ್ದ ಬೈತಲೆ ಬಂತು. ಜ್ವರದಲ್ಲಿ ನನ್ನ ಮುಂಗೈ ಹಿಡಿದ ಕೈ ಎಷ್ಟು ಬಿಸಿ ಇತ್ತೆಂದು ನೆನಪಾಯಿತು. ಮುಖಕ್ಕೆ ಬಂದರೆ ಏನೂ ಇಲ್ಲ. ದಪ್ಪ ಮೂಗೂ ಇಲ್ಲ, ಸಣ್ಣ ಮೂಗೂ ಇಲ್ಲ. ಜಡೆಯಿಂದ ಕೆಳಗೆ ಭುಜದವರೆಗೆ ಕಪ್ಪು.

ಅತ್ತೆ ಸತ್ತರೆಂದು ಮುಂದೊಂದು ವರ್ಷ ಸುದ್ದಿ ಬಂತು, ಗಂಡ ಎಲ್ಲಿದ್ದಾನೋ ಕೇಳಲಿಲ್ಲ. ಅವರಲ್ಲಿ ಯಾರಿಗಾದರೂ ನೆನಪಿತ್ತೇ ಎಂದು ಕೇಳಬಹುದಿತ್ತೇನೋ. ಕೇಳಿದ್ದರೆ ಅವರೂ ಯಾರದೋ ಮುಖ ಹೇಳುತ್ತಿದ್ದರು. ಇಷ್ಟು ವರ್ಷದಲ್ಲಿ ಆ ಮುಖ ನನಗೆ ಮತ್ತೆ ಬಂದಿಲ್ಲ. ಕನಸಿನಲ್ಲೂ ಬೆನ್ನು ಹಾಕಿಯೇ ಕೂತಿರುತ್ತಾಳೆ. ಮೊದಮೊದಲು ತಿರುಗು ಎಂದು ಕರೆಯುತ್ತಿದ್ದೆ. ಈಗ ಕರೆಯುವುದಿಲ್ಲ.

ಆ ಗುರುವಾರದ ಮರುದಿನ ಬೆಳಗ್ಗೆ ಎಂದಿನಂತೆ ಎಲ್ಲರಿಗಿಂತ ಮೊದಲು ಎದ್ದೆ. ಬಚ್ಚಲ ಒಲೆಯ ಬೂದಿ ತೆಗೆದೆ. ಕಟ್ಟಿಗೆ ಹಸಿ ಇತ್ತು, ಹತ್ತಲಿಲ್ಲ, ಬರೀ ಹೊಗೆ. ಒಳಗೆ ಹೋಗಿ ಕಾಗದ ತಂದೆ. ಹೊಳೆಗೆ ಬಿಡುವುದು ಗ್ರಂಥಕ್ಕೆ, ಇದು ಗ್ರಂಥವೇನಲ್ಲ. ಮಡಚಿ ಕಟ್ಟಿಗೆಯ ಕೆಳಗೆ ತುರುಕಿದೆ. ಎಣ್ಣೆ ಕುಡಿದಿತ್ತಲ್ಲ, ಬೇಗ ಹತ್ತಿತು. ಕಟ್ಟಿಗೆಗೂ ಹತ್ತಿತು. ನೀರು ಕಾಯ್ದ ಮೇಲೆ ಒಳಗೆ ಹೋಗಿ ತಮ್ಮನನ್ನು ಸ್ನಾನಕ್ಕೆ ಎಬ್ಬಿಸಿದೆ.